ಕೂಲಿಯ ನ್ಯಾಯವನ್ನರಸಿದ ರಾಬರ್ಟ್ ಓವೆನ್

ಬಡವರಾಗಿ ಹುಟ್ಟಿ ದುಡಿಮೆಯಿಂದ ಸಿರಿವಂತರಾದವರ ಚರಿತ್ರೆಗಳು ಲೋಕದಲ್ಲಿ ಬೇಕಾದಷ್ಟಿವೆ. ಸಿರಿ ಬಂದ ಮೇಲೆ ಅದು ಯಾರ ಬೆವರಿನಿಂದ ಬಂದಿತೆಂದು ತಮ್ಮ ಲೆಕ್ಕದ ಪುಸ್ತಕವನ್ನು ತಾವೇ ತೆರೆದು ನೋಡಿಕೊಂಡವರು ವಿರಳ. ಬ್ರಿಟನ್ನಿನ ಹತ್ತಿಯ ಗಿರಣಿಗಳ ಉದ್ಯಮದಲ್ಲಿ ಮುಂದೆ ಬಂದ ರಾಬರ್ಟ್ ಓವೆನ್ ಅಂಥ ವಿರಳರಲ್ಲಿ ಒಬ್ಬನು. ದುಡಿಯುವ ಕೈಗಳು ಹೆಚ್ಚಾದಾಗ ಕೂಲಿ ಏಕೆ ಕುಸಿಯುತ್ತದೆ, ಆ ಕುಸಿತವನ್ನು ತಡೆಯುವ ಹೊಣೆ ಯಾರದು, ಒಬ್ಬ ಒಡೆಯನ ಸದ್ಬುದ್ಧಿಯಿಂದಲೇ ಅದು ಸಾಧ್ಯವಾಗುವುದೇ ಎಂಬ ಮೂರು ಪ್ರಶ್ನೆಗಳು ಅವನ 87 ವರ್ಷಗಳ ಜೀವನವನ್ನು ಬಿಡದೆ ಹಿಂಬಾಲಿಸಿದವು. ಅವನು ಕಂಡುಕೊಂಡ ಉತ್ತರಗಳಲ್ಲಿ ಕೆಲವು ನಿಂತವು, ಕೆಲವು ಬಿದ್ದುಹೋದವು. ಆಳುಕಾಳುಗಳನ್ನಿಟ್ಟುಕೊಂಡು ಬಾಳುವ ಗೃಹಸ್ಥರೂ, ಇನ್ನೊಬ್ಬರಲ್ಲಿ ದುಡಿದು ಉಣ್ಣುವ ಶ್ರಮಜೀವಿಗಳೂ ಸಮಾನವಾಗಿ ವಿಚಾರಿಸತಕ್ಕ ಚರಿತ್ರೆ ಇದು.

ಬಾಲ್ಯ ಮತ್ತು ಅಂಗಡಿಯ ಶಿಕ್ಷಣ

ಓವೆನ್ನನು 1771ನೆಯ ಇಸವಿ ಮೇ 14ರಂದು ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಸಣ್ಣ ಪೇಟೆಯಲ್ಲಿ ಹುಟ್ಟಿದನು. ತಂದೆ ಕುದುರೆಯ ಜೀನು ಮಾಡುವವನು. ಜೊತೆಗೆ ಕಬ್ಬಿಣದ ಸಾಮಾನಿನ ವ್ಯಾಪಾರವೂ ಊರಿನ ಅಂಚೆಯ ಕೆಲಸವೂ ಅವನಿಗಿದ್ದವು. ಏಳು ಮಕ್ಕಳ ಆ ಸಂಸಾರದಲ್ಲಿ ರಾಬರ್ಟನು ಆರನೆಯವನು. ಶಾಲೆಯ ವಿದ್ಯೆ ಒಂಬತ್ತು ಹತ್ತು ವರ್ಷದೊಳಗೇ ಮುಗಿಯಿತು. ಹತ್ತನೆಯ ವಯಸ್ಸಿನಲ್ಲಿ ಮನೆಯನ್ನು ಬಿಟ್ಟು ಲಂಡನ್ನಿನಲ್ಲಿದ್ದ ಅಣ್ಣನ ಬಳಿಗೆ ಹೋದನು. ಅಲ್ಲಿಂದ ಸ್ಟ್ಯಾಮ್‌ಫರ್ಡ್ ಪಟ್ಟಣದ ಜವಳಿ ವ್ಯಾಪಾರಿಯೊಬ್ಬನಲ್ಲಿ ಕೆಲಸ ಕಲಿಯಲು ನಿಂತನು. ಬಟ್ಟೆಯ ನೂಲು ಯಾವುದು ಒಳ್ಳೆಯದು, ಯಾವುದು ಕೀಳು ಎಂಬ ಪರಿಜ್ಞಾನ ಅವನ ಬೆರಳುಗಳಿಗೆ ಬಂದುದು ಅಲ್ಲಿ. ತರುವಾಯ ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಬೆಳಗಿನಿಂದ ನಡುರಾತ್ರಿ ಮೀರುವವರೆಗೆ ನಿಂತು ದುಡಿದನು. ಕೆಲಸದ ಹೊತ್ತು ಮಿತಿಮೀರಿದರೆ ಮನುಷ್ಯನಿಗೆ ಓದಿಗಾಗಲಿ ವಿಚಾರಕ್ಕಾಗಲಿ ಶಕ್ತಿ ಉಳಿಯುವುದಿಲ್ಲವೆಂಬುದನ್ನು ಅವನು ಅನುಭವದಿಂದಲೇ ಅರಿತನು.

ಅಲ್ಲಿಂದ ಮುಂದೆ ಮ್ಯಾಂಚೆಸ್ಟರ್. ಆ ನಗರ ಆಗ ಹತ್ತಿಯ ಹೊಸ ಯಂತ್ರಗಳಿಂದ ದಿನದಿನಕ್ಕೆ ಬೆಳೆಯುತ್ತಿದ್ದಿತು. ಅಣ್ಣನಿಂದ 100 ಪೌಂಡು ಸಾಲ ತಂದು, ಪಾಲುದಾರನೊಬ್ಬನೊಡನೆ ನೂಲುವ ಯಂತ್ರಗಳನ್ನು ಕಟ್ಟುವ ಉದ್ಯೋಗವನ್ನು ಹೂಡಿದನು. ಇಪ್ಪತ್ತು ತುಂಬಿದ ಆಸುಪಾಸಿನಲ್ಲಿಯೇ ಡ್ರಿಂಕ್‌ವಾಟರ್ ಎಂಬ ಸಾಹುಕಾರನ ಗಿರಣಿಗೆ ಮೇಲ್ವಿಚಾರಕನಾಗಿ ನಿಂತನು. ಅಲ್ಲಿ ಸುಮಾರು 500 ಜನ ದುಡಿಯುತ್ತಿದ್ದರು. ಅವನು ಕೇಳಿ ಪಡೆದ ವಾರ್ಷಿಕ ಸಂಬಳ 300 ಪೌಂಡು. ಇಷ್ಟು ಎಳೆಯ ಯುವಕನಿಗೆ ಇಷ್ಟು ಸಂಬಳ ಹೇಗೆ ದೊರೆಯಿತು? ನಯವಾದ ನೂಲಿನ ಮರ್ಮವನ್ನು ಬಲ್ಲವರು ಆಗ ವಿರಳರಾಗಿದ್ದರು. ವಿರಳವಾದ ಕೌಶಲಕ್ಕೆ ಬೆಲೆ ತಾನಾಗಿ ಏರಿತು. ಅದೇ ಗಿರಣಿಯ ಯಂತ್ರದ ಮುಂದೆ ನಿಂತ ಕೂಲಿಕಾರನ ಸ್ಥಿತಿ ಇದಕ್ಕೆ ವಿರುದ್ಧ. ಅವನು ಹೋದರೆ ಆ ಸ್ಥಾನಕ್ಕೆ ಹತ್ತು ಜನ ಬಾಗಿಲಲ್ಲಿ ಕಾದಿರುತ್ತಿದ್ದರು. ಒಂದೇ ಸೂರಿನ ಕೆಳಗೆ ಇಬ್ಬರ ಭಾಗ್ಯವನ್ನು ನಿರ್ಣಯಿಸುತ್ತಿದ್ದ ನಿಯಮ ಒಂದೇ ಆಗಿದ್ದಿತು.

ನ್ಯೂ ಲಾನಾರ್ಕ್

ಸ್ಕಾಟ್ಲೆಂಡಿನಲ್ಲಿ ಕ್ಲೈಡ್ ನದಿಯ ಜಲಪಾತಗಳ ಬಳಿ ಡೇವಿಡ್ ಡೇಲ್ ಎಂಬ ಧರ್ಮಭೀರುವಾದ ವರ್ತಕನು 1785ರಿಂದೀಚೆಗೆ ಗಿರಣಿಗಳನ್ನು ಕಟ್ಟಿಸಿದ್ದನು. ಆ ಊರಿಗೆ ನ್ಯೂ ಲಾನಾರ್ಕ್ ಎಂದು ಹೆಸರು. 1799ರಲ್ಲಿ ಓವೆನ್ನನು ಡೇಲನ ಮಗಳಾದ ಕ್ಯಾರೊಲಿನಳನ್ನು ವರಿಸಿದನು. ಅದೇ ಕಾಲದಲ್ಲಿ ಅವನೂ ಅವನ ಪಾಲುದಾರರೂ ಆ ಗಿರಣಿಗಳನ್ನು 60,000 ಪೌಂಡಿಗೆ, 20 ವರ್ಷಗಳ ಕಂತಿನ ಮೇಲೆ ಕೊಂಡರು. 1800ನೆಯ ಇಸವಿ ಜನವರಿ 1ರಂದು ಓವೆನ್ನನು ಅಲ್ಲಿಯ ಆಡಳಿತವನ್ನು ವಹಿಸಿಕೊಂಡನು.

ಯಂತ್ರವನ್ನು ತಿರುಗಿಸಲು ನೀರಿನ ವೇಗ ಬೇಕು. ನೀರು ಇರುವಲ್ಲಿಗೇ ಗಿರಣಿ ಹೋಗಬೇಕು. ಆದರೆ ಜಲಪಾತದ ಬಳಿ ಜನವಸತಿ ಇರಲಿಲ್ಲ. ಸುತ್ತಲಿನ ರೈತರಿಗೆ ಗಂಟೆಯ ಸದ್ದಿಗೆ ಎದ್ದು ಗೋಡೆಗಳ ನಡುವೆ ದಿನವಿಡೀ ನಿಲ್ಲುವ ಕೆಲಸ ಹಿಡಿಸಲಿಲ್ಲ. ದುಡಿಯುವವರು ದೊರೆಯದ ಆ ಸ್ಥಳದಲ್ಲಿ ಡೇಲನು ಎರಡು ಮಾರ್ಗಗಳನ್ನು ಹಿಡಿದಿದ್ದನು. ಜೀವನೋಪಾಯ ತಪ್ಪಿ ಪರದೇಶಕ್ಕೆ ಹೊರಟಿದ್ದ ಉತ್ತರದ ಮಲೆನಾಡಿಗರನ್ನು ಕರೆದು ಮನೆ ಕೊಟ್ಟು ನೆಲೆಗೊಳಿಸಿದುದು ಒಂದು. 1791ರಲ್ಲಿ ಅಮೆರಿಕಕ್ಕೆ ಹೊರಟ ಹಡಗೊಂದು ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರನ್ನು ಸೇರಿದಾಗ ಅದರಲ್ಲಿದ್ದ ಅನೇಕರು ಹೀಗೆ ನ್ಯೂ ಲಾನಾರ್ಕಿಗೆ ಬಂದರು. ಎಡಿನ್‌ಬರೊ, ಗ್ಲಾಸ್ಗೊ ನಗರಗಳ ಅನಾಥಾಶ್ರಮಗಳಿಂದ ಮಕ್ಕಳನ್ನು ತಂದುದು ಎರಡನೆಯ ಮಾರ್ಗ. ಓವೆನ್ನನು ಬಂದಾಗ ಅಂಥ ಮಕ್ಕಳು ಸುಮಾರು 500 ಜನರಿದ್ದರು. ಡೇಲನು ಅವರಿಗೆ ಶುಚಿಯಾದ ಊಟ, ಬಟ್ಟೆ, ಹಾಸಿಗೆ, ಸಂಜೆಯ ಪಾಠ ಎಲ್ಲವನ್ನೂ ಒದಗಿಸಿದ್ದನು. ಆದರೂ ಮುಂಜಾನೆ ಆರರಿಂದ ಸಂಜೆ ಏಳರವರೆಗೆ ಯಂತ್ರದ ಬಳಿ ನಿಂತ ಆರೇಳು ವರ್ಷದ ಕೂಸಿಗೆ ಆ ಪಾಠ ತಲೆಗೆ ಹತ್ತುವುದೆಂತು?

ಈ ಮಕ್ಕಳ ದುಡಿಮೆಯಲ್ಲಿ ಕ್ರೌರ್ಯದ ಜೊತೆಗೆ ಕೂಲಿಯ ಒಂದು ಸೂಕ್ಷ್ಮವೂ ಅಡಗಿದೆ. ಹೊಸ ಯಂತ್ರಗಳು ತೋಳಿನ ಬಲವನ್ನು ಕೇಳುತ್ತಿರಲಿಲ್ಲ. ಚುರುಕಾದ ಸಣ್ಣ ಬೆರಳುಗಳು ಅವಕ್ಕೆ ಸಾಕಾಗುತ್ತಿದ್ದವು. ಊಟಬಟ್ಟೆಗೆ ದುಡಿಯುವ ಮಗು ದೊರೆಯುವಾಗ ದೊಡ್ಡವನಿಗೆ ಪೂರ್ಣ ಕೂಲಿಯನ್ನು ಯಾರು ಕೊಡುತ್ತಾರೆ? ಹೀಗೆ ತಂದೆಯ ಕೂಲಿ ಇಳಿಯುತ್ತದೆ. ಇಳಿದ ಕೂಲಿಯಲ್ಲಿ ಸಂಸಾರ ಸಾಗದೆ ಅವನು ತನ್ನ ಮಗುವನ್ನೂ ಗಿರಣಿಗೆ ಕಳುಹಿಸುತ್ತಾನೆ. ಮಗು ಹೋದೊಡನೆ ದುಡಿಯುವ ಕೈಗಳು ಮತ್ತೂ ಹೆಚ್ಚಿ, ಕೂಲಿ ಮತ್ತೂ ಇಳಿಯುತ್ತದೆ. ಬಡತನವೇ ಬಡತನವನ್ನು ಹಡೆಯುವ ಈ ಸರಪಳಿಯನ್ನು ಎಲ್ಲಿಯಾದರೂ ಒಂದು ಕಡೆ ಕಡಿಯಬೇಕಾಗಿದ್ದಿತು. ಓವೆನ್ನನು ಅನಾಥ ಮಕ್ಕಳನ್ನು ತರಿಸುವುದನ್ನು ನಿಲ್ಲಿಸಿದನು. ಹತ್ತು ವರ್ಷದೊಳಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದೆಂದು ಕಟ್ಟು ಮಾಡಿದನು. ಮಕ್ಕಳ ಬದಲು ಸಂಸಾರವಂದಿಗರು ಬರಬೇಕಾದುದರಿಂದ ಮನೆಗಳನ್ನು ವಿಸ್ತರಿಸಿದನು, ಬೀದಿಗಳನ್ನು ಶುಚಿಗೊಳಿಸಿದನು.

ಕೂಲಿಯ ಮೊತ್ತವನ್ನು ಮಾತ್ರ ಅವನು ಉಳಿದ ಗಿರಣಿಗಳಿಗಿಂತ ಹೆಚ್ಚಿಸಲಿಲ್ಲ. ಗ್ಲಾಸ್ಗೊ ನಗರದಲ್ಲಿ ಕೆಲವರು ಅದಕ್ಕಿಂತ ಹೆಚ್ಚು ಪಡೆಯುತ್ತಿದ್ದರು. ಅವನ ಗಮನ ಹರಿದುದು ಕೈಗೆ ಬಂದ ಕೂಲಿ ಏನನ್ನು ಕೊಳ್ಳಬಲ್ಲದೆಂಬ ಕಡೆಗೆ. ಅನೇಕ ಗಿರಣಿಗಳಲ್ಲಿ ಒಡೆಯನೇ ಅಂಗಡಿಯಿಟ್ಟು, ಕೂಲಿಯ ಬದಲು ಕಳಪೆಯಾದ ಸಾಮಾನನ್ನು ಹೆಚ್ಚು ಬೆಲೆಗೆ ಕೊಡುವ ದುಷ್ಟ ಪದ್ಧತಿಯಿದ್ದಿತು. ಆ ಪದ್ಧತಿಯನ್ನು ನಿಷೇಧಿಸುವ ಶಾಸನ 1831ರಲ್ಲಿ ಬಂದಿತು. ಅದಕ್ಕೂ ಬಹಳ ಮೊದಲೇ ಓವೆನ್ನನು ಒಳ್ಳೆಯ ದಿನಸಿಯನ್ನು ಸಗಟಾಗಿ ತರಿಸಿ, ಅಸಲಿಗಿಂತ ಸ್ವಲ್ಪವೇ ಹೆಚ್ಚಿನ ಬೆಲೆಗೆ ಮಾರಿಸಿದನು. ಬಂದ ಲಾಭವನ್ನು ಮಕ್ಕಳ ಶಾಲೆಗೆ ಮುಡಿಪಾಗಿಟ್ಟನು. ಪ್ರತಿಯೊಬ್ಬ ಕೆಲಸಗಾರನೂ ತನ್ನ ಕೂಲಿಯ 60ನೆಯ ಒಂದು ಪಾಲನ್ನು ಕಾಯಿಲೆ ಮತ್ತು ಮುಪ್ಪಿನ ನಿಧಿಗೆ ಹಾಕುವ ಏರ್ಪಾಡೂ ಇದ್ದಿತು.

ನಾಲ್ಕು ತಿಂಗಳ ಕೂಲಿ

ಇಷ್ಟಾದರೂ ಊರಿನ ಜನ ಅವನನ್ನು ಮೊದಲು ನಂಬಲಿಲ್ಲ. ಪರಪ್ರಾಂತದವನು, ಹೊಸ ಒಡೆಯ, ಹೊಸ ಕಟ್ಟಳೆ. ಇದರಲ್ಲಿ ಏನೋ ಮೋಸವಿದೆಯೆಂದು ಶಂಕಿಸಿದರು. ಪ್ರತಿಯೊಬ್ಬನ ಯಂತ್ರದ ಬಳಿ ಕಪ್ಪು, ನೀಲಿ, ಹಳದಿ, ಬಿಳಿ ಬಣ್ಣಗಳ ನಾಲ್ಕು ಮುಖದ ಸಣ್ಣ ಮರದ ತುಂಡನ್ನು ತೂಗಹಾಕಿ, ಹಿಂದಿನ ದಿನದ ನಡತೆಗೆ ತಕ್ಕ ಬಣ್ಣವನ್ನು ಮುಂದೆ ತಿರುಗಿಸುವ ಪದ್ಧತಿಯನ್ನು ಓವೆನ್ನನು ತಂದಿದ್ದನು. ಬೈಗುಳವೂ ಹೊಡೆತವೂ ತಪ್ಪಿದುದು ನಿಜ. ಆದರೆ ಎಲ್ಲರ ಕಣ್ಣಮುಂದೆ ತೂಗುವ ಆ ಬಣ್ಣ ಜನರಿಗೆ ಪ್ರಿಯವಾಗಿದ್ದಿರಲಾರದು.

1806ರ ಸುಮಾರಿಗೆ ಅಮೆರಿಕದೊಡನೆ ವೈಮನಸ್ಯ ಬಂದು ಹತ್ತಿಯ ಸರಬರಾಯಿ ತಡೆಯಿತು. ಬೆಲೆ ವಿಪರೀತವಾಗಿ ಏರಿತು. ಗಿರಣಿಗಳ ಒಡೆಯರು ಜನರನ್ನು ಕೆಲಸದಿಂದ ಬಿಡಿಸಿದರು. ಓವೆನ್ನನು ಯಂತ್ರಗಳನ್ನು ನಿಲ್ಲಿಸಿದನು, ಜನರನ್ನು ಬಿಡಲಿಲ್ಲ. ಯಂತ್ರಗಳನ್ನು ತಿಕ್ಕಿ ಶುಚಿಯಾಗಿಡುವುದಷ್ಟೇ ಅವರ ಕೆಲಸವಾಯಿತು. ನಾಲ್ಕು ತಿಂಗಳು ಒಂದು ಕಾಸನ್ನೂ ಮುರಿಯದೆ ಪೂರ್ಣ ಕೂಲಿಯನ್ನು ಕೊಟ್ಟನು. ಅವನ ಆತ್ಮಕಥೆಯ ಲೆಕ್ಕದಂತೆ ಅದರ ಮೊತ್ತ 7,000 ಪೌಂಡಿಗೆ ಮೀರಿದ್ದಿತು.

ಇದನ್ನು ಬರಿಯ ದಾನವೆಂದೆಣಿಸಿದರೆ ಅವನ ವಿಚಾರಕ್ಕೆ ನ್ಯಾಯ ಮಾಡಿದಂತಾಗುವುದಿಲ್ಲ. ಕೆಟ್ಟ ಕಾಲದಲ್ಲಿ ಚದುರಿದ ಜನ ಒಳ್ಳೆಯ ಕಾಲ ಬಂದಾಗ ಮರಳಿ ದೊರೆಯುವುದಿಲ್ಲ. ದೊರೆತರೂ ಹೊಸಬರಿಗೆ ಕೆಲಸ ಕಲಿಸಲು ಕಾಲವೂ ಹಣವೂ ವೆಚ್ಚವಾಗುತ್ತವೆ. ಸತ್ತ ಯಂತ್ರಕ್ಕೆ ಎಣ್ಣೆ ಹಾಕಿ ಕಾಪಾಡುವ ಒಡೆಯನು ಜೀವಂತ ಯಂತ್ರವಾದ ಮನುಷ್ಯನನ್ನು ಅಷ್ಟಾದರೂ ಕಾಪಾಡಬೇಡವೇ ಎಂಬುದು ಅವನು ತನ್ನ ಸಮಾನರ ಮುಂದೆ ಇಟ್ಟ ವಾದ. ಆ ನಾಲ್ಕು ತಿಂಗಳ ಬಳಿಕ ನ್ಯೂ ಲಾನಾರ್ಕಿನ ಜನರ ಮನಸ್ಸು ಅವನ ಕಡೆಗೆ ತಿರುಗಿತು.

ಪಾಲುದಾರರ ಮನಸ್ಸು ಮಾತ್ರ ತಿರುಗಲಿಲ್ಲ. ಶಾಲೆಗೂ ಮನೆಗಳಿಗೂ ಹೋಗುವ ಹಣ ತಮ್ಮ ಲಾಭದಿಂದ ಕಳೆದಂತೆ ಅವರಿಗೆ ಕಂಡಿತು. 1813ರಲ್ಲಿ ಗಿರಣಿ ಹರಾಜಿಗೆ ಬಂದಾಗ ತತ್ವಜ್ಞ ಜೆರೆಮಿ ಬೆಂಥಾಮ್, ಕ್ವೇಕರ್ ಪಂಥದ ವಿಲಿಯಂ ಅಲೆನ್ ಮುಂತಾದ ಹೊಸ ಪಾಲುದಾರರೊಡನೆ ಓವೆನ್ನನು ಅದನ್ನು 1,14,100 ಪೌಂಡಿಗೆ ಹಿಡಿದನು. ಬಂಡವಾಳಕ್ಕೆ ನೂರಕ್ಕೆ ಐದರಂತೆ ಮಾತ್ರ ಪ್ರತಿಫಲ, ಮಿಕ್ಕುದು ಜನರ ಹಿತಕ್ಕೆ ಎಂಬುದು ಅವರ ಕರಾರು. ಅವನು ಮರಳಿದ ದಿನ ಊರಿನವರು ಬಂಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದು ತಂದರು. 1816ರ ಜನವರಿ 1ರಂದು ಅಲ್ಲಿ ಶೀಲಸಂಸ್ಕಾರದ ವಿದ್ಯಾಲಯ ತೆರೆಯಿತು. ನಡೆಯಲು ಬಂದ ಕೂಸಿನಿಂದ ಮೊದಲುಮಾಡಿ ಮಕ್ಕಳು ಅಲ್ಲಿ ಹಾಡು, ಕುಣಿತ, ಚಿತ್ರಗಳ ಮೂಲಕ ಕಲಿತರು, ಹೊಡೆತವೆಂಬುದು ಅಲ್ಲಿರಲಿಲ್ಲ.

ಒಬ್ಬನ ಧರ್ಮ ಸಾಲದೆಂಬ ಅರಿವು

ತನ್ನ ಗಿರಣಿಯಲ್ಲಿ ಸಾಧಿಸಿದುದು ನೆರೆಯ ಗಿರಣಿಯಲ್ಲಿ ಏಕೆ ಸಾಧ್ಯವಾಗುವುದಿಲ್ಲವೆಂದು ಓವೆನ್ನನು ಚಿಂತಿಸಿದನು. ಒಬ್ಬ ಒಡೆಯನು ಮಕ್ಕಳನ್ನು ಬಿಟ್ಟು, ಹೊತ್ತನ್ನು ಕಡಿಮೆ ಮಾಡಿದರೆ, ಹಾಗೆ ಮಾಡದ ಪಕ್ಕದವನು ನೂಲನ್ನು ಅಗ್ಗವಾಗಿ ಮಾರುತ್ತಾನೆ, ದಯಾವಂತನು ದಿವಾಳಿಯಾಗುತ್ತಾನೆ. ಎಲ್ಲರಿಗೂ ಒಂದೇ ಕಟ್ಟಳೆಯಿದ್ದರೆ ಈ ಭಯವಿಲ್ಲ. ಆದುದರಿಂದ 1815ರಿಂದ ಅವನು ಪಾರ್ಲಿಮೆಂಟಿನ ಬಾಗಿಲನ್ನು ತಟ್ಟಿದನು. ಕೂಲಿಕಾರನೇ ದೇಶದ ಅತಿ ದೊಡ್ಡ ಗಿರಾಕಿ, ಅವನ ಕೂಲಿಯನ್ನು ಇಳಿಸಿದ ಒಡೆಯನು ತನ್ನ ಸರಕಿನ ಗಿರಾಕಿಯನ್ನೇ ಕಳೆದುಕೊಳ್ಳುತ್ತಾನೆ ಎಂಬುದನ್ನೂ ಅವನು ಬರೆದು ಸಾರಿದನು. ಹಿರಿಯ ರಾಬರ್ಟ್ ಪೀಲನು ಮಸೂದೆಯನ್ನು ಮಂಡಿಸಿದನು. ಗಿರಣಿಯವರ ವಿರೋಧದಲ್ಲಿ ಅದು ನಾಲ್ಕು ವರ್ಷ ಕುಗ್ಗುತ್ತ ಕುಗ್ಗುತ್ತ 1819ರಲ್ಲಿ ಶಾಸನವಾಯಿತು. ಒಂಬತ್ತು ವರ್ಷದೊಳಗಿನವರಿಗೆ ಹತ್ತಿಯ ಗಿರಣಿಯಲ್ಲಿ ಕೆಲಸವಿಲ್ಲ, ಹದಿನಾರರೊಳಗಿನವರಿಗೆ ದಿನಕ್ಕೆ 12 ಗಂಟೆಗೆ ಮೀರಿ ದುಡಿಮೆಯಿಲ್ಲ, ಅಷ್ಟೇ. ಅದನ್ನು ಪಾಲಿಸುವರೇ ಎಂದು ನೋಡಲು ಪರೀಕ್ಷಕರಿರಲಿಲ್ಲ. ಸಂಬಳದ ಪರೀಕ್ಷಕರು ಬಂದುದು 1833ರ ಶಾಸನದಿಂದ. ಹೆಂಗಸರಿಗೂ ಎಳೆಯರಿಗೂ ಹತ್ತು ಗಂಟೆಯ ಮಿತಿ ಬಂದುದು 1847ರಲ್ಲಿ.

ಈ ನಡುವೆ ನೆಪೋಲಿಯನ್ನನೊಡನೆ ನಡೆದ ಯುದ್ಧ 1815ರಲ್ಲಿ ಮುಗಿಯಿತು. ಸೈನ್ಯಕ್ಕೆ ಬೇಕಾಗಿದ್ದ ಸರಕಿನ ಬೇಡಿಕೆ ನಿಂತಿತು. ಸೈನಿಕರು ಕೆಲಸವನ್ನರಸಿ ಊರಿಗೆ ಮರಳಿದರು. ಯಂತ್ರಗಳು ಕೈಮಗ್ಗದವರ ಅನ್ನವನ್ನು ಕಿತ್ತವು. ಜನಸಂಖ್ಯೆ ಬೆಳೆದಂತೆ ಕೂಲಿ ಹೊಟ್ಟೆಪಾಡಿನ ಮಟ್ಟಕ್ಕೆ ಇಳಿಯುವುದು ಸಹಜವೆಂಬ ಮ್ಯಾಲ್ತಸನ ವಾದ 1798ರಿಂದ ಪ್ರಚಾರದಲ್ಲಿದ್ದಿತು. 1817ರಲ್ಲಿ ಡೇವಿಡ್ ರಿಕಾರ್ಡೊ ತನ್ನ ಅರ್ಥಶಾಸ್ತ್ರ ಗ್ರಂಥದಲ್ಲಿ ಅದಕ್ಕೆ ಹೆಚ್ಚು ಖಚಿತವಾದ ರೂಪವನ್ನು ಕೊಟ್ಟನು. ಅದೇ ವರ್ಷ ಓವೆನ್ನನು ಪಾರ್ಲಿಮೆಂಟಿನ ಸಮಿತಿಗೆ ಬೇರೊಂದು ಯೋಜನೆಯನ್ನು ಒಪ್ಪಿಸಿದನು. ಕೆಲಸವಿಲ್ಲದವರಿಗೆ ಭಿಕ್ಷೆ ಹಾಕುವ ಬದಲು, ಸಾವಿರದಷ್ಟು ಜನರ ಸಹಕಾರಿ ಗ್ರಾಮಗಳನ್ನು ಕಟ್ಟಿ, ಭೂಮಿಯನ್ನೂ ಉಪಕರಣಗಳನ್ನೂ ಕೊಟ್ಟು, ಅವರು ತಮಗೆ ಬೇಕಾದುದನ್ನು ತಾವೇ ಬೆಳೆದು ನೇಯ್ದುಕೊಳ್ಳಲಿ ಎಂಬುದು ಅದರ ಸಾರ. ರಿಕಾರ್ಡೊ ಆ ಯೋಜನೆಯನ್ನು ನಂಬಲಿಲ್ಲ; ಆದರೂ ಅದರ ವಿಚಾರಣೆ ನಡೆಯಲೆಂದು ಮತ ಕೊಟ್ಟನು. ಇದರ ನಡುವೆಯೇ, 1817ರ ಆಗಸ್ಟಿನಲ್ಲಿ, ಲಂಡನ್ನಿನ ಸಭೆಯೊಂದರಲ್ಲಿ ಓವೆನ್ನನು ಲೋಕದ ಮತಗಳೆಲ್ಲ ಮನುಷ್ಯನನ್ನು ತಪ್ಪುದಾರಿಗೆ ಎಳೆದಿವೆಯೆಂದು ಬಹಿರಂಗವಾಗಿ ಖಂಡಿಸಿದನು. ಗಣ್ಯರನೇಕರು ಅಂದಿನಿಂದ ದೂರ ಸರಿದರು. ನಂಬಿದುದನ್ನು ಮುಚ್ಚಿಡದ ಧೈರ್ಯ ಅವನಲ್ಲಿತ್ತು. ಹೊತ್ತುಗೊತ್ತನ್ನು ಅರಿಯುವ ಜಾಣ್ಮೆ ಇರಲಿಲ್ಲ.

ಮುರಿದ ಎರಡು ಪ್ರಯೋಗಗಳು

1825ರಲ್ಲಿ ಅವನು ಅಮೆರಿಕದ ಇಂಡಿಯಾನ ಪ್ರಾಂತದಲ್ಲಿ, ವಾಬಾಶ್ ನದಿಯ ದಂಡೆಯಲ್ಲಿ, ಜರ್ಮನ್ ಭಕ್ತಸಮುದಾಯವೊಂದು ಕಟ್ಟಿದ್ದ ಇಡೀ ಊರನ್ನೇ ಕೊಂಡು ನ್ಯೂ ಹಾರ್ಮನಿ ಎಂದು ಹೆಸರಿಟ್ಟನು. ಬೇಕೆಂದವರೆಲ್ಲ ಬರಬಹುದೆಂದು ಸಾರಿದನು. ಕೆಲವೇ ತಿಂಗಳಲ್ಲಿ 800ಕ್ಕೂ ಹೆಚ್ಚು ಜನ ಸೇರಿದರು. ಬಂದವರಲ್ಲಿ ವಿದ್ವಾಂಸರಿದ್ದರು, ಸಜ್ಜನರಿದ್ದರು, ಸೋಮಾರಿಗಳೂ ಇದ್ದರು. ನೇಗಿಲು, ಉಳಿ, ಕುಲುಮೆಗಳನ್ನು ಬಲ್ಲವರು ಸಾಲಲಿಲ್ಲ. ಕೈಗಳು ಎಷ್ಟು ಎಂಬ ಲೆಕ್ಕ ಬೇರೆ, ಬೇಕಾದ ಕೌಶಲವುಳ್ಳ ಕೈಗಳು ಎಷ್ಟು ಎಂಬ ಲೆಕ್ಕ ಬೇರೆ. ದುಡಿದವನಿಗೂ ದುಡಿಯದವನಿಗೂ ಉಗ್ರಾಣದಿಂದ ಸಮಪಾಲು ಹೋದಾಗ ದುಡಿಯುವವನ ಉತ್ಸಾಹ ಕುಂದಿತು. 1827ರೊಳಗೆ ಪ್ರಯೋಗ ಮುರಿಯಿತು. ಓವೆನ್ನನ ಸಂಪತ್ತಿನ ಬಹುಪಾಲು ಅಲ್ಲಿಯೇ ಕರಗಿತು. 1828ರಲ್ಲಿ ನ್ಯೂ ಲಾನಾರ್ಕಿನ ಸಂಬಂಧವೂ ಕಡಿಯಿತು.

ಎರಡನೆಯದು 1832ರಲ್ಲಿ ಲಂಡನ್ನಿನಲ್ಲಿ ತೆರೆದ ಶ್ರಮವಿನಿಮಯ ಭಂಡಾರ. ಕುಶಲಕರ್ಮಿಯು ತಾನು ಮಾಡಿದ ವಸ್ತುವನ್ನು ಅಲ್ಲಿ ತಂದಿಟ್ಟರೆ, ಅದಕ್ಕೆ ತಗುಲಿದ ಸಾಮಗ್ರಿಯ ಬೆಲೆಯನ್ನೂ ದುಡಿಮೆಯ ಗಂಟೆಗಳನ್ನೂ ಎಣಿಸಿ, ಗಂಟೆಗೆ ಆರು ಪೆನ್ನಿಯಂತೆ ಕೂಡಿಸಿ, ಇಷ್ಟು ಗಂಟೆ ಎಂದು ಚೀಟಿ ಕೊಡುತ್ತಿದ್ದರು. ಆ ಚೀಟಿಯಿಂದ ಭಂಡಾರದ ಬೇರೆ ವಸ್ತುವನ್ನು ಕೊಳ್ಳಬಹುದಾಗಿತ್ತು. ದಲ್ಲಾಳಿಯಿಲ್ಲದೆ ದುಡಿಮೆಗೆ ದುಡಿಮೆಯೇ ಅಳತೆಯಾಗಲೆಂಬ ಆಶಯ ಉದಾತ್ತವಾದುದು. ಆದರೆ ಪೇಟೆಗಿಂತ ಅಗ್ಗವಾಗಿ ಬೆಲೆಕಟ್ಟಿದ ವಸ್ತು ಒಂದೇ ದಿನದಲ್ಲಿ ಖಾಲಿಯಾಗುತ್ತಿದ್ದಿತು; ತುಟ್ಟಿಯಾದುದು ಧೂಳು ತಿನ್ನುತ್ತ ಉಳಿಯುತ್ತಿದ್ದಿತು. ದರ್ಜಿ, ಬಡಗಿ, ಚಮ್ಮಾರರು ತಂದು ತುಂಬಿದರು. ಅಕ್ಕಸಾಲೆಗೂ ಬಡಗಿಗೂ ಒಂದೇ ಸಮನಾಗಿ ಬೇಕಾದ ರೊಟ್ಟಿ, ಮಾಂಸ, ಸೌದೆಗಳನ್ನು ತರುವವರು ಬರಲಿಲ್ಲ. ಎಷ್ಟು ಹೊತ್ತು ದುಡಿದೆವೆಂಬುದರ ಜೊತೆಗೆ, ಆ ದುಡಿಮೆ ಯಾರಿಗೆ ಬೇಕಾಗಿದೆಯೆಂಬುದೂ ಬೆಲೆಯಲ್ಲಿ ಸೇರಿದೆಯೆಂಬ ಸತ್ಯವನ್ನು ಆ ಭಂಡಾರ ಕಲಿಸಿತು. 1834ರಲ್ಲಿ ಅದು ಮುಚ್ಚಿತು.

ಕೂಲಿಕಾರರ ಸಂಘ

ಅದೇ 1834ರಲ್ಲಿ ಎಲ್ಲ ವೃತ್ತಿಗಳನ್ನೂ ಒಂದುಗೂಡಿಸುವ ಮಹಾಸಂಘವೊಂದು ಓವೆನ್ನನ ಪ್ರೇರಣೆಯಿಂದ ಹುಟ್ಟಿತು. ಡಾರ್ಸೆಟ್ ಪ್ರಾಂತದ ಟಾಲ್‌ಪಡಲ್ ಹಳ್ಳಿಯಲ್ಲಿ ಹೊಲದ ಆಳುಗಳ ವಾರದ ಕೂಲಿ 9 ಶಿಲಿಂಗಿನಿಂದ 8ಕ್ಕೆ, 8ರಿಂದ 7ಕ್ಕೆ ಇಳಿದಿದ್ದಿತು. ಮುಂದೆ 6 ಎಂದು ಬೆದರಿಕೆ ಬಂದಿದ್ದಿತು. ಸಂಘ ಕಟ್ಟಿಕೊಂಡ ಅಲ್ಲಿಯ ಆರು ಜನರಿಗೆ, ಗುಟ್ಟಾಗಿ ಪ್ರಮಾಣ ಮಾಡಿಸಿದ ನೆಪದಲ್ಲಿ, ಏಳು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ಏಪ್ರಿಲ್ 21ರಂದು ಲಂಡನ್ನಿನಲ್ಲಿ ಸಹಸ್ರಾರು ಕೂಲಿಕಾರರು ನಡೆಸಿದ ಮೆರವಣಿಗೆಯಲ್ಲಿ ಓವೆನ್ನನೂ ಇದ್ದನು. ಆ ಆರು ಜನರಿಗೆ 1836ರಲ್ಲಿ ಕ್ಷಮೆ ದೊರೆಯಿತು. ಸಂಘವಾದರೋ 1834ರಲ್ಲಿಯೇ ಒಡೆಯಿತು. ಒಡೆಯರು ಸಂಘವನ್ನು ಬಿಟ್ಟೆವೆಂದು ಬರೆದುಕೊಟ್ಟವರಿಗೆ ಮಾತ್ರ ಕೆಲಸ ಕೊಟ್ಟರು. ಬರೆದುಕೊಡದವರ ಸ್ಥಾನಕ್ಕೆ ಹಸಿದ ಹೊಸಬರು ಸಿದ್ಧರಾಗಿದ್ದರು.

ಓವೆನ್ನನ ಕೊರತೆಯೂ ಇಲ್ಲಿಯೇ ಕಾಣುತ್ತದೆ. ಅವನು ಜನರಿಗೆ ಬೇಕಾದುದನ್ನು ತಾನೇ ನಿಶ್ಚಯಿಸುತ್ತಿದ್ದನು; ಅವರನ್ನು ಕೇಳುತ್ತಿರಲಿಲ್ಲ. ಒಡೆಯರ ಮನಸ್ಸು ತರ್ಕದಿಂದ ಕರಗುವುದೆಂದು ಕೊನೆಯವರೆಗೆ ನಂಬಿದನು. ಅವನ ಗಿರಣಿಗೆ ಬಂದ ಹತ್ತಿ ಕೂಲಿಯೇ ಇಲ್ಲದ ದುಡಿಮೆಯ ಫಲವೆಂಬುದನ್ನೂ ಮರೆಯಲಾಗದು. ಅಮೆರಿಕದ ಹೊಲಗಳಲ್ಲಿ ಅದನ್ನು ಬೆಳೆದು ಬಿಡಿಸಿದವರು ಕೊಂಡು ತಂದ ಗುಲಾಮರು. ನ್ಯೂ ಲಾನಾರ್ಕಿನ ಮಕ್ಕಳ ಶಾಲೆಯ ಅಡಿಪಾಯದಲ್ಲಿ ಅವರ ಬೆವರೂ ಇದ್ದಿತು. ಅವನ ಮಗ ರಾಬರ್ಟ್ ಡೇಲ್ ಓವೆನ್ನನು ಅಮೆರಿಕದಲ್ಲಿ ನೆಲೆಸಿ, 1862ರಲ್ಲಿ ಗುಲಾಮರ ಬಿಡುಗಡೆಯನ್ನು ಕೋರಿ ಅಧ್ಯಕ್ಷ ಲಿಂಕನ್ನನಿಗೆ ಪತ್ರ ಬರೆದನು.

ಅಂತ್ಯಕಾಲ

ಮುಪ್ಪಿನಲ್ಲಿ ಓವೆನ್ನನ ಬಳಿ ಹಣವಿರಲಿಲ್ಲ. ಮಕ್ಕಳು ಒದಗಿಸಿದುದರಲ್ಲಿ ಸಾಗಿಸುತ್ತ, ಊರೂರು ತಿರುಗಿ ಭಾಷಣ ಮಾಡುತ್ತ, ಬರೆಯುತ್ತ ಕಾಲ ಕಳೆದನು. ಮತಗಳನ್ನು ಖಂಡಿಸಿದ್ದ ಅವನು 80 ದಾಟಿದ ಮೇಲೆ ಪ್ರೇತಾತ್ಮಗಳ ಸಂಭಾಷಣೆಯನ್ನು ನಂಬತೊಡಗಿದುದು ವಿಚಿತ್ರವೆನಿಸುತ್ತದೆ. 1858ರ ನವೆಂಬರ್ 17ರಂದು, ಹುಟ್ಟಿದ ಊರಾದ ನ್ಯೂಟೌನಿನಲ್ಲಿಯೇ ದೇಹವನ್ನು ಬಿಟ್ಟನು. ತಂದೆತಾಯಿಗಳ ಸಮಾಧಿಯ ಬಳಿ ಅವನನ್ನು ಮಣ್ಣುಮಾಡಿದರು.

ಅವನ ಯೋಜನೆಗಳು ಬಿದ್ದ ಸ್ಥಳದಲ್ಲಿ ಅವನ ವಿಚಾರಗಳು ಚಿಗುರಿದವು. 1844ರಲ್ಲಿ ರಾಚ್‌ಡೇಲ್ ಪಟ್ಟಣದ 28 ಜನ ಸಾಮಾನ್ಯರು ಸಣ್ಣ ಸಣ್ಣ ಕಂತುಗಳನ್ನು ಕೂಡಿಸಿ ಒಂದು ದಿನಸಿಯ ಅಂಗಡಿಯನ್ನು ತೆರೆದರು. ಅವರಲ್ಲಿ ಹಲವರು ಓವೆನ್ನನ ಅನುಯಾಯಿಗಳು. ಅವರಿಗೆ ಮಹಾದಾನಿಯಾದ ಒಡೆಯನಿರಲಿಲ್ಲ; ಬಂಡವಾಳವೂ ಆಡಳಿತವೂ ಅವರವೇ ಆಗಿದ್ದವು. ಲೋಕದ ಸಹಕಾರ ಚಳವಳಿ ಆ ಅಂಗಡಿಯನ್ನು ತನ್ನ ತವರೆಂದು ಗೌರವಿಸುತ್ತದೆ. ನ್ಯೂ ಲಾನಾರ್ಕಿನ ಯಂತ್ರಗಳು 1968ರವರೆಗೆ ತಿರುಗಿದವು. 2001ರಲ್ಲಿ ಆ ಊರು ವಿಶ್ವ ಪರಂಪರೆಯ ಸ್ಥಾನಗಳ ಸಾಲಿಗೆ ಸೇರಿತು.

ಕೈಗಳು ಹೆಚ್ಚಾದಾಗ ಕೂಲಿ ಇಳಿಯುವುದು ಪೇಟೆಯ ನಿಯಮ. ಆ ನಿಯಮವನ್ನು ಓವೆನ್ನನು ಅಳಿಸಲಾರದೆ ಹೋದನು. ಆದರೆ ಅದರ ಕಠೋರತೆಯನ್ನು ತಗ್ಗಿಸುವ ದಾರಿಗಳು ಅವನ ಚರಿತ್ರೆಯಲ್ಲಿ ಸ್ಪಷ್ಟವಾಗಿವೆ: ಮಕ್ಕಳನ್ನು ದುಡಿಮೆಯಿಂದ ಬಿಡಿಸಿ ಓದಿಸುವುದು, ಕೆಟ್ಟ ಕಾಲದಲ್ಲಿ ದುಡಿಯುವವನ ಕೈಬಿಡದಿರುವುದು, ಎಲ್ಲ ಒಡೆಯರಿಗೂ ಒಂದೇ ಶಾಸನ, ದುಡಿಯುವವರ ಒಗ್ಗಟ್ಟು. ಇವುಗಳಲ್ಲಿ ಕೊನೆಯ ಎರಡು ಸಮಾಜ ಕೂಡಿ ಮಾಡತಕ್ಕವು. ಮೊದಲಿನ ಎರಡಕ್ಕೆ ಶಾಸನ ಕಾಯಬೇಕಾಗಿಲ್ಲ. ಹೊಲದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ನಾಲ್ವರನ್ನು ದುಡಿಸಿಕೊಳ್ಳುವ ಪ್ರತಿಯೊಬ್ಬ ಗೃಹಸ್ಥನ ಕೈಯಲ್ಲಿಯೂ ಅವು ಇವೆ. ಮಳೆ ತಪ್ಪಿದ ವರ್ಷ ತನ್ನ ಆಳಿನ ಒಲೆ ಉರಿಯಿತೇ, ಅವನ ಮಗು ಶಾಲೆಗೆ ಹೋಯಿತೇ ಎಂದು ವಿಚಾರಿಸುವುದು ಅವನ ಲೆಕ್ಕದ ಪುಸ್ತಕದ ಒಳಗೇ ಸೇರಿದ ವಿಷಯ.